ಅಲಾರಂ ಮೇಲಿನ ಶವರ್ ಕ್ಯಾಪ್

ಸಿಡ್ನಿಯ ನಾರ್ವೆಸ್ಟ್‌ನಲ್ಲಿರುವ ನಮ್ಮ ಆಫೀಸಿನಲ್ಲಿ ಮೂರನೆಯ ಮಹಡಿಯ ಫೈರ್ ವಾರ್ಡನ್ ನಾನೇ. ವರ್ಷಕ್ಕೆರಡು ಸಲ ಬೆಂಕಿಯ ಅಣಕು ಅಭ್ಯಾಸದಲ್ಲಿ ಹಳದಿ ಹೆಲ್ಮೆಟ್ ಹಾಕಿಕೊಂಡು, ಕಾಫಿ ಲೋಟ ಬಿಟ್ಟು ಏಳಲೊಪ್ಪದ ಸಹೋದ್ಯೋಗಿಗಳನ್ನು ಮೆಟ್ಟಿಲಿಳಿಸಿ ಕಾರು ನಿಲ್ಲಿಸುವ ಜಾಗಕ್ಕೆ ಅಟ್ಟುವುದು ನನ್ನ ಕೆಲಸ. ಬೆಂಕಿಯ ಬಗ್ಗೆ ತರಬೇತಿ ಪಡೆದು ಸರ್ಟಿಫಿಕೇಟು ಇಟ್ಟುಕೊಂಡಿರುವ ಇದೇ ನಾನು, ಒಂದು ದಿನ ಕುರ್ಚಿ ಹತ್ತಿ ನಿಂತು, ನನ್ನ ಕೈಯಾರೆ, ನಮ್ಮ ಮನೆ ಓನರ್ ಆಂಟಿಯ ಸ್ಮೋಕ್ ಅಲಾರಂನ ಬಾಯಿ ಕಟ್ಟಿದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ನನ್ನನ್ನು ನಾನು ಒಳ್ಳೆಯವಳನ್ನಾಗಿ ಮಾಡಿಕೊಂಡು ಹೇಳಿಬಿಡುವ ಭಯವಿದೆ.

ಎಂಟು ತಿಂಗಳಾಯಿತು. ಈಗಲೂ ನಲ್ಲಿಯಿಂದ ಪ್ಲಾಸ್ಟಿಕ್ ಜಗ್ಗಿಗೆ ನೀರು ಬೀಳುವ ಸದ್ದು ಕೇಳಿದರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ, ಯಾರದೋ ಮಣಿಕಟ್ಟು ಹಿಡಿಯುವುದಕ್ಕೆ.

ಶವರ್ ಕ್ಯಾಪಿನ ವಿದ್ಯೆ ನಾನು ಕಲಿತದ್ದು ಮೆಲ್ಬರ್ನ್‌ನಲ್ಲಿ. ಓದಲಿಕ್ಕೆಂದು ಗದಗಿನಿಂದ ಬಂದವಳು ಬಾಕ್ಸ್ ಹಿಲ್‌ನ ಒಂದು ಹಳೆಯ ಮನೆಯಲ್ಲಿ ಇನ್ನೂ ನಾಲ್ಕು ಹುಡುಗಿಯರ ಜೊತೆ ಇದ್ದೆ. ಎಲ್ಲರೂ ಕರ್ನಾಟಕದವರೇ, ಆದರೆ ಐದು ಜಿಲ್ಲೆ, ಐದು ಸಾರು. ಯಾರು ಒಗ್ಗರಣೆ ಹಾಕಿದರೂ ಸೀಲಿಂಗಿನ ಅಲಾರಂ ಕಿರುಚುತ್ತಿತ್ತು, ಒಬ್ಬಳು ಓಡಿಬಂದು ಹೊಗೆ ಚದುರಿಸಲು ಟವೆಲ್ ಬೀಸುತ್ತಿದ್ದಳು. ಯಾರು ಅಡುಗೆ, ಯಾರು ಪಾತ್ರೆ ಎಂಬ ಪಟ್ಟಿಯ ಜೊತೆ, ಯಾರು ಟವೆಲ್ ಎಂಬುದನ್ನೂ ನಾವು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದ್ದೆವು. ಕೊನೆಗೆ ಹಾಸನದವಳೊಬ್ಬಳು ಹೋಟೆಲಿನಿಂದ ತಂದ ಶವರ್ ಕ್ಯಾಪನ್ನು ಅಲಾರಂಗೆ ಟೋಪಿಯಂತೆ ತೊಡಿಸಿ, "ತಗೊಳ್ರೇ, ಇನ್ಮೇಲೆ ಎಷ್ಟ್ ಬೇಕೋ ಅಷ್ಟು ಮೆಣಸಿನಕಾಯಿ ಹುರೀರಿ" ಅಂದಳು. ಅವಳನ್ನು ಎತ್ತಿ ಕುಣಿಸುವುದೊಂದು ಬಾಕಿ.

ಮೂರು ತಿಂಗಳಿಗೊಮ್ಮೆ ಬಾಡಿಗೆ ಮನೆಯ ಏಜೆಂಟ್ ಇನ್‌ಸ್ಪೆಕ್ಷನ್‌ಗೆ ಬರುವ ಹಿಂದಿನ ದಿನ ಆ ಕ್ಯಾಪನ್ನು ತೆಗೆಯುತ್ತಿದ್ದೆವು. ಅವನು ಓವನ್ ಒಳಗೆ ತಲೆ ಹಾಕಿ, ಕಿಟಕಿಯ ಸಂದಿಯ ಧೂಳಿನ ಫೋಟೋ ಹಿಡಿದು ಹೋದ ಮೇಲೆ ಮತ್ತೆ ತೊಡಿಸುತ್ತಿದ್ದೆವು. ಅಲಾರಂ ಇರುವುದು ಏಜೆಂಟನಿಗಾಗಿ, ಕ್ಯಾಪ್ ಇರುವುದು ನಮಗಾಗಿ ಎಂದು ನಾವು ನಿಜವಾಗಿ ನಂಬಿದ್ದೆವು.

ಆರು ವರ್ಷಗಳಲ್ಲಿ ಮೆಲ್ಬರ್ನ್‌ನಲ್ಲಿ ಐದು ಮನೆ ಬದಲಾಯಿಸಿದೆ. ಒಂದನ್ನು ಮಾರಿದರು, ಒಂದನ್ನು ಕೆಡವಿದರು, ಒಂದಕ್ಕೆ ಓನರ್‌ನ ಮಗಳು ಬರುತ್ತಾಳೆಂದರು. ಗೋಡೆಗೆ ಒಂದು ಮೊಳೆ ಹೊಡೆಯಲಿಕ್ಕೂ ಈಮೇಲ್ ಬರೆಯಬೇಕಾದ ಊರಿನಲ್ಲಿ, ಕ್ಯಾಲೆಂಡರನ್ನು ಫ್ರಿಜ್ಜಿಗೆ ಅಂಟಿಸಿಕೊಂಡು ವಯಸ್ಸು ಇಪ್ಪತ್ತಾರರಿಂದ ಮೂವತ್ತೆರಡಾಯಿತು. ನಡುವೆ ಮದುವೆಯಾಯಿತು, ಇಲ್ಲೇ ಕಾಯಂ ನೆಲೆಸುವ ಪಿಆರ್ ಬಂತು, ಮಗಳು ಹುಟ್ಟಿದಳು, ನಾರ್ವೆಸ್ಟ್‌ನಲ್ಲಿ ಕೆಲಸ ಸಿಕ್ಕಿತು. ಎಂಟು ರಟ್ಟಿನ ಪೆಟ್ಟಿಗೆ, ಒಂದು ಮಗು, ಒಬ್ಬ ಗಂಡ, ಇಷ್ಟನ್ನು ಕಾರಿನಲ್ಲಿ ತುಂಬಿಕೊಂಡು ಸಿಡ್ನಿಗೆ ಬಂದೆವು.

ಪೆಂಡಲ್ ಹಿಲ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಆಂಟಿಯ ಮನೆ. ಮುಂದೆ ಅವರ ದೊಡ್ಡ ಮನೆ, ಹಿತ್ತಲಲ್ಲಿ ನಾವಿರುವ ಎರಡು ಕೋಣೆಯ ಗ್ರ್ಯಾನಿ ಫ್ಲ್ಯಾಟ್, ಎರಡರ ನಡುವೆ ಬಟ್ಟೆ ಒಣಗಿಸುವ ತಂತಿ ಮತ್ತು ಒಂದು ಕರಿಬೇವಿನ ಗಿಡ. ಆಂಟಿ ಮೈಸೂರಿನವರು, ಡಾಕ್ಟರಾಗಿದ್ದು ನಿವೃತ್ತರಾದವರು. ಬೆಳಿಗ್ಗೆ ವಾಕಿಂಗ್ ಗುಂಪು, ಮಧ್ಯಾಹ್ನ ಸುಡೊಕು, ಸಂಜೆ ಮೈಸೂರಿನ ತಂಗಿಯ ಜೊತೆ ಫೋನು. ಒಬ್ಬರೇ ಇದ್ದರೂ ಒಂಟಿಯಾಗಿ ಕಂಡದ್ದಿಲ್ಲ, ಅವರ ಕ್ಯಾಲೆಂಡರಿನಲ್ಲಿ ನಮ್ಮದಕ್ಕಿಂತ ಹೆಚ್ಚು ಬರಹವಿತ್ತು.

ಬೀಗದ ಕೈ ಕೊಡುವಾಗಲೇ ಕೇಳಿದರು: "ಹಾಲು ಉಕ್ಕಿಸ್ತೀಯ ತಾನೆ?"

"ಬಾಡಿಗಿ ಮನೀಗ್ಯಾಕ್ರಿ ಆಂಟಿ?" ಅಂದೆ. ಮೆಲ್ಬರ್ನ್‌ನ ಐದು ಮನೆಗಳಲ್ಲಿ ಒಂದರಲ್ಲೂ ಉಕ್ಕಿಸಿರಲಿಲ್ಲ. ಬಿಟ್ಟುಹೋಗುವ ಮನೆಗೆ ಯಾವ ಶಾಸ್ತ್ರ? ಮೇಲಾಗಿ, ಒಲೆಯ ಮೇಲೆ ಚೆಲ್ಲಿದ ಹಾಲಿನ ಕಲೆಗೂ ಏಜೆಂಟ್ ಫೋಟೋ ಹಿಡಿಯುತ್ತಾನೆ.

"ಬಾಡಿಗೆ ಮನೇಲಿ ಹೊಟ್ಟೆ ಹಸಿಯಲ್ವಾ? ನಿದ್ದೆ ಬರಲ್ವಾ? ಮತ್ತೆ ಹಾಲು ಯಾಕೆ ಉಕ್ಕಬಾರ್ದು?" ಎಂದು ತಾವೇ ಒಂದು ಸ್ಟೀಲ್ ಪಾತ್ರೆ ತಂದು ಒಲೆಯ ಮೇಲಿಟ್ಟರು. ಹಾಲು ಉಕ್ಕಿ ಸುತ್ತ ಹರಿಯಿತು. ಒರೆಸಲು ಓಡಿದ ನನ್ನ ತೋಳು ಹಿಡಿದು, "ಇರೇ, ಹರೀಲಿ. ನನ್ನ ಒಲೆ, ನಾನು ಬಯ್ಯಲ್ಲ" ಅಂದರು. ಆ ಮಾತಿಗೆ ನನಗೆ ಅಳು ಬಂದದ್ದನ್ನು ಕಂಡು ನನ್ನ ಗಂಡ, "ಹಾಲಿಗೆ ಅಳೂದೇನ್ ಬಂತು, ಪಾಯಸಕ್ಕ ಅತ್ರೂ ಒಂದ್ ಅರ್ಥ ಐತಿ" ಅಂದಿದ್ದ.

ಮೂರು ವರ್ಷ ಹೀಗೇ ಕಳೆಯಿತು. ವರ್ಷಕ್ಕೊಮ್ಮೆ ಒಂದು ಕಾಗದಕ್ಕೆ ಸಹಿ, ಅಷ್ಟೆ. ಆಂಟಿಗೂ ನಮಗೂ ಜಗಳವಿದ್ದದ್ದು ಊಟದ ವಿಷಯಕ್ಕೆ ಮಾತ್ರ. ನಮ್ಮ ಕೆಂಪು ಚಟ್ನಿಗೆ ಅವರು "ಆಸಿಡ್" ಎಂದು ಹೆಸರಿಟ್ಟರೆ, ಅವರ ಸಾರಿನ ಬೆಲ್ಲಕ್ಕೆ ನಾವು "ಸಿಹಿ ಔಷಧಿ" ಅನ್ನುತ್ತಿದ್ದೆವು. ಆದರೂ ಬಟ್ಟಲುಗಳು ಕರಿಬೇವಿನ ಗಿಡ ದಾಟಿ ಅತ್ತಿತ್ತ ಹೋಗಿಬರುತ್ತಲೇ ಇದ್ದವು.

ಒಂದು ದಿನ ಆಂಟಿ ಅನುಮಾನದಿಂದ ಕೇಳಿದರು: "ಅಲ್ವೇ, ನೀನು ಬ್ಯಾಡಗಿ ಮೆಣಸಿನಕಾಯಿ ಹುರಿದ್ರೆ ಇಲ್ಲಿ ನನಗೆ ಕೆಮ್ಮು ಬರುತ್ತೆ. ನಿನ್ನ ಅಲಾರಂ ಮಾತ್ರ ಸುಮ್ಮನಿರುತ್ತಲ್ಲ, ಹೇಗೆ? ನನ್ನದು ದೋಸೆ ತಿರುವಿ ಹಾಕಿದ್ರೂ ಬಾಯಿ ಬಡ್ಕೊಳುತ್ತೆ."

ನಾನು ಹೆಮ್ಮೆಯಿಂದ ನಮ್ಮ ಮನೆಯ ಕ್ಯಾಪ್ ತೋರಿಸಿದೆ. ಆಂಟಿ ಚಪ್ಪಾಳೆ ತಟ್ಟಿ ನಕ್ಕರು. ನನ್ನ ಬಳಿ ಇನ್ನೊಂದಿತ್ತು. ಅವತ್ತೇ ಅವರ ಅಡುಗೆಮನೆಯ ಬಾಗಿಲ ಮುಂದೆ ಕುರ್ಚಿ ಹಾಕಿ, ಸೀಲಿಂಗಿನ ಅಲಾರಂಗೆ ತೊಡಿಸಿದೆ. ಅಡುಗೆಯಾದ ಮೇಲೆ ತೆಗೆಯಬೇಕು ಎಂದು ಹೇಳಿದ್ದೆ. ಆಂಟಿ ಹ್ಞೂಂ ಅಂದಿದ್ದರು. ದಿನಕ್ಕೆರಡು ಸಲ ಯಾರು ಕುರ್ಚಿ ಹತ್ತುತ್ತಾರೆ? ನಾನೇ ಹತ್ತುತ್ತಿರಲಿಲ್ಲ.

ಆ ಬುಧವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮಗಳು ಚೈಲ್ಡ್ ಕೇರ್‌ನಲ್ಲಿದ್ದಳು. ಜನವರಿಗೆ ಅವಳು ಇದೇ ಬೀದಿಯ ಕೊನೆಯ ಸ್ಕೂಲಿಗೆ ಸೇರುವವಳು. ಅದಕ್ಕೇ ಈ ಸಲ ವರ್ಷದ ಲೀಸ್ ಬೇಡ, ಒಟ್ಟಿಗೆ ಮೂರು ವರ್ಷಕ್ಕೆ ಬರೆದುಕೊಡಿ ಎಂದು ಆಂಟಿಯನ್ನು ಕೇಳಿದ್ದೆವು. ಮೆಲ್ಬರ್ನ್‌ನಲ್ಲಿರುವ ಮಗನನ್ನು ಒಂದು ಮಾತು ಕೇಳಿ ಮುಂದಿನ ವಾರ ಸಹಿ ಹಾಕುತ್ತೇನೆ ಅಂದಿದ್ದರು. ಎರಡು ಮೀಟಿಂಗುಗಳ ನಡುವೆ ಬಟ್ಟೆ ಒಣಹಾಕಲು ಹಿತ್ತಲಿಗೆ ಬಂದೆ. ಬಿಸಿಲು ಚೆನ್ನಾಗಿತ್ತು. ಮಗಳ ಪುಟ್ಟ ಸಾಕ್ಸಿಗೆ ಕ್ಲಿಪ್ ಹಾಕುತ್ತ ತಲೆಯೆತ್ತಿದರೆ, ಆಂಟಿಯ ಅಡುಗೆಮನೆ ಕಿಟಕಿಯ ಗಾಜು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಬಿಸಿಲು ಬಿದ್ದಿದೆ ಅಂದುಕೊಂಡೆ. ಬಿಸಿಲು ನನ್ನ ಬೆನ್ನ ಮೇಲಿತ್ತು, ನಿಜ, ಆದರೆ ಬಿಸಿಲು ಅಲುಗಾಡುವುದಿಲ್ಲ.

ಓಡಿದೆ. ಹಿಂದಿನ ಜಾಲರಿ ಬಾಗಿಲಿಗೆ ಬೀಗವಿರಲಿಲ್ಲ. ಒಳಗೆ ಹೊಗೆ ಅರ್ಧ ಗೋಡೆಯವರೆಗೆ ಇಳಿದಿತ್ತು. ಒಲೆಯ ಮೇಲೆ ಅಂಬೊಡೆಗಿಟ್ಟ ಎಣ್ಣೆಯ ಬಾಣಲೆ ಹೊತ್ತಿ, ಬೆಂಕಿ ಮೇಲಿನ ಕಪಾಟನ್ನು ಮುಟ್ಟುತ್ತಿತ್ತು. ಸಿಂಕಿನ ಬಳಿ ಆಂಟಿ ಬಿಳಿಯ ಪ್ಲಾಸ್ಟಿಕ್ ಜಗ್ಗಿಗೆ ನೀರು ತುಂಬಿಸುತ್ತಿದ್ದರು. ನಲ್ಲಿ ನಿಲ್ಲಿಸಿ, ಜಗ್ಗನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಒಲೆಯ ಕಡೆಗೆ ತಿರುಗಿದರು.

ನಾನು ಮತ್ತೆ ಮತ್ತೆ ನೋಡುವುದು ಈ ಕ್ಷಣವನ್ನು. ಕಾದ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೆಂದು ತರಬೇತಿಯಲ್ಲಿ ನಮಗೆ ವಿಡಿಯೋ ತೋರಿಸಿದ್ದರು. ಒಂದು ಲೋಟ ನೀರಿಗೆ ಇಡೀ ಕೋಣೆ ಬೆಂಕಿಯಾಗುತ್ತದೆ. ನನಗೂ ಆಂಟಿಗೂ ನಡುವೆ ನಾಲ್ಕು ಹೆಜ್ಜೆ, ಆಂಟಿಗೂ ಒಲೆಗೂ ನಡುವೆ ಎರಡು.

"ನೀರ್ ಬ್ಯಾಡ್ರೀ ಆಂಟಿ! ನೀರ್ ಬ್ಯಾಡ!"

ಅವರು ನಿಲ್ಲಲಿಲ್ಲ. ಮಣಿಕಟ್ಟು ಹಿಡಿದು ಎಳೆದೆ. ನೀರೆಲ್ಲ ನಮ್ಮಿಬ್ಬರ ಕಾಲ ಮೇಲೆ ಬಿತ್ತು. ಕಟ್ಟೆಯ ಮೇಲೆ ರುಬ್ಬಿದ ಕಡಲೆಬೇಳೆಯ ಪರಾತವಿತ್ತು. ಬೇಳೆಯನ್ನು ಹಾಗೇ ಕಟ್ಟೆಗೆ ಸುರಿದು, ಪರಾತವನ್ನು ಗುರಾಣಿಯಂತೆ ಮುಂದೆ ಹಿಡಿದು, ಬಾಣಲೆಯ ಮೇಲೆ ಅಂಚಿನಿಂದ ಜಾರಿಸಿ ಮುಚ್ಚಿದೆ. ಗ್ಯಾಸ್ ಆರಿಸಿದೆ. ಬದಿಯಿಂದ ನಾಲಗೆ ಚಾಚಿದ ಬೆಂಕಿ ಒಳಕ್ಕೆ ಹೋಯಿತು. ಮತ್ತೆ ಬರಲಿಲ್ಲ.

ಆಗ ಗೊತ್ತಾಯಿತು, ಮನೆಯಲ್ಲಿ ಒಂದು ಸದ್ದೂ ಇರಲಿಲ್ಲ. ಅಷ್ಟು ಹೊಗೆ, ಅಷ್ಟು ಬೆಂಕಿ, ಎಲ್ಲ ಮೌನವಾಗಿ ನಡೆದಿತ್ತು. ತಲೆಯೆತ್ತಿದೆ. ನನ್ನ ಶವರ್ ಕ್ಯಾಪ್ ಹೊಗೆಯ ನಡುವೆ ಬೆಳ್ಳಗೆ ಕಾಣುತ್ತಿತ್ತು. ಅವತ್ತು ತಂಗಿಯ ಫೋನು ಹಗಲಲ್ಲೇ ಬಂದು, ಆಂಟಿ ಬಾಣಲೆ ಬಿಟ್ಟು ಮುಂದಿನ ಕೋಣೆಗೆ ಹೋಗಿದ್ದರು. ಅಲಾರಂ ಕೂಗಿದ್ದರೆ ಬೆಂಕಿ ಹತ್ತುವ ಮೊದಲೇ, ಎಣ್ಣೆ ಹೊಗೆಯಾಡುವಾಗಲೇ ಎದ್ದು ಬರುತ್ತಿದ್ದರು.

ಕುರ್ಚಿ ಹತ್ತಿ ಕ್ಯಾಪ್ ಕಿತ್ತೆ. ಅಲಾರಂ ಕಿರುಚಿತು. ಕ್ಯಾಪನ್ನು ಮುದುರಿ ಕುರ್ತಾದ ಜೇಬಿಗೆ ತುರುಕಿದೆ. ಯಾಕೆ ಹಾಗೆ ಮಾಡಿದೆನೆಂದು ಕೇಳಿದರೆ ಹೇಳಲಾರೆ. ಏಜೆಂಟ್ ಬರುವ ಮೊದಲು ತೆಗೆಯುವ ಆರು ವರ್ಷದ ಅಭ್ಯಾಸವಿರಬೇಕು. ಎದುರು ಮನೆಯವರು ಕರೆದ ಫೈರ್ ಎಂಜಿನ್ ಬಂದಿತು. ಎತ್ತರದ ಒಬ್ಬ ಮನುಷ್ಯ ಕೋಲಿನಿಂದ ಅಲಾರಂ ಗುಂಡಿ ಒತ್ತಿ ನೋಡಿ, ಇದೇನೋ ಚೆನ್ನಾಗಿಯೇ ಇದೆ ಎಂದು ಬರೆದುಕೊಂಡು ಹೋದ. ಆಂಟಿ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನನ್ನ ಜೇಬಿನ ಕಡೆ ಒಮ್ಮೆ ನೋಡಿದರು.

ಮರುದಿನ ಬೆಳಿಗ್ಗೆ ಅವರ ಮಗ ಮೆಲ್ಬರ್ನ್‌ನಿಂದ ವಿಮಾನದಲ್ಲಿ ಬಂದ. ನಾನು ಬಿಟ್ಟುಬಂದ ಅದೇ ಬಾಕ್ಸ್ ಹಿಲ್‌ನಲ್ಲಿ, ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಇರುವವನು. ಕಾಫಿ ಹಿಡಿದು ಹೋದ ನನ್ನನ್ನೂ ನನ್ನ ಗಂಡನನ್ನೂ ಕೂರಿಸಿಕೊಂಡು ಅಮ್ಮನನ್ನು ಕೇಳಿದ:

"ಅಮ್ಮಾ, ಅಲಾರಂ ವರ್ಕ್ ಆಗ್ತಿದೆ ಅಂತ ರಿಪೋರ್ಟಲ್ಲಿದೆ. ನಿಂಗೆ ಕೇಳಿಸ್ಲೇ ಇಲ್ವಾ?"

"ಕೇಳಿಸ್ಲಿಲ್ಲ ಕಣೋ."

"ಪಕ್ಕದ ರೂಮಲ್ಲಿದ್ದು ಕೇಳಿಸ್ಲಿಲ್ವಾ?"

"ವಯಸ್ಸಾಯ್ತಲ್ಲ. ಕಿವಿ ಮಂದ ಆಗಿರ್ಬೇಕು" ಅಂದರು ಆಂಟಿ, ನನ್ನ ಕಡೆ ನೋಡದೆ. ಹಿತ್ತಲಲ್ಲಿ ನಾವು ಪಿಸುಗುಟ್ಟಿದ್ದನ್ನೂ ಕಿಟಕಿಯಿಂದ ಕೇಳಿಸಿಕೊಂಡು ಉತ್ತರ ಕೊಡುವ ಆಂಟಿ!

ಮಗ ಹಣೆ ಉಜ್ಜಿಕೊಂಡ. "ಹಾಗಿದ್ರೆ ಕಿವಿ ಟೆಸ್ಟ್ ಮಾಡಿಸ್ಬೇಕು. ನೀನಿಲ್ಲಿ ಒಬ್ಬಳೇ ಇರೋದೂ ಆಗದ ಮಾತು. ಈ ಮನೆ ಮಾರೋಣ. ನಮ್ಮ ಬಿಲ್ಡಿಂಗಲ್ಲೇ ಒಂದು ಫ್ಲ್ಯಾಟ್ ನೋಡ್ತೀನಿ."

"ನಿಮ್ಮ ಬಿಲ್ಡಿಂಗಲ್ಲಿ ಕರಿಬೇವಿನ ಗಿಡ ಎಲ್ಲಿಡ್ಲಿ, ಲಿಫ್ಟಲ್ಲಾ?" ಅಂದರು ಆಂಟಿ. ದನಿಯಲ್ಲಿ ಮಾತ್ರ ಎಂದಿನ ಚುರುಕಿರಲಿಲ್ಲ.

ಆತ ನನ್ನ ಕಡೆ ತಿರುಗಿದ. "ನೀವು ಇಲ್ಲದಿದ್ರೆ ಅಮ್ಮ ಇವತ್ತು ಇರ್ತಿರ್ಲಿಲ್ಲ. ಮನೆ ಮಾರಿದ್ರೂ ನೀವು ಟೆನ್ಶನ್ ಮಾಡ್ಕೋಬೇಡಿ, ಒಳ್ಳೆ ರೆಫರೆನ್ಸ್ ಬರ್ಕೊಡ್ತೀನಿ. ಈ ಏರಿಯಾದಲ್ಲೇ ಬೇರೆ ಮನೆ ಸಿಗುತ್ತೆ."

ಬಾಡಿಗೆಗಿರುವವರಿಗೆ ಈ ದೇಶದಲ್ಲಿ ಹಳೆಯ ಓನರ್ ಬರೆದುಕೊಡುವ ಒಳ್ಳೆಯ ಮಾತಿಗಿಂತ ದೊಡ್ಡ ಆಸ್ತಿಯಿಲ್ಲ. ಅದನ್ನು ನನಗೆ ಕಾಣಿಕೆಯಾಗಿ ಕೊಡುತ್ತಿದ್ದ. ಅದನ್ನು ತೆಗೆದುಕೊಂಡರೆ ಆಂಟಿಯ ಮನೆ ಹೋಗುತ್ತದೆ, ಅವರ ಕಿವಿಗೆ ಸುಳ್ಳು ಕಿವುಡು ಬರುತ್ತದೆ. ಬಾಯಿ ಬಿಟ್ಟರೆ, ತಾಯಿಯ ಅಲಾರಂನ ಬಾಯಿ ಕಟ್ಟಿದವಳನ್ನು ಯಾವ ಮಗ ಹಿತ್ತಲಲ್ಲಿ ಇಟ್ಟುಕೊಳ್ಳುತ್ತಾನೆ?

ನನ್ನ ಗಂಡನಿಗೆ ಹಿಂದಿನ ಸಂಜೆಯೇ ಎಲ್ಲ ಹೇಳಿದ್ದೆ. ಆತ ಕಾಫಿ ಲೋಟ ಕೆಳಗಿಟ್ಟು ಮೆಲ್ಲಗೆ, "ಹೇಳಿಬಿಡು. ಪೆಟ್ಟಿಗಿ ಕಟ್ಟೂದು ನಮಗೇನ್ ಹೊಸಾದಲ್ಲ" ಅಂದ.

ಹಿಂದಿನ ದಿನದಿಂದ ಬಿಸಾಡಲಾಗದೆ ಇಟ್ಟುಕೊಂಡಿದ್ದ ಕ್ಯಾಪನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ.

"ಆಂಟಿ ಕಿವಿ ಚೊಲೋ ಅದಾವ್ರಿ. ಅಲಾರಂ ಕೂಗ್ಲೇ ಇಲ್ಲ. ಇದನ್ನ ಅದಕ್ಕ ಹಾಕಿದಾಕಿ ನಾನು. ಬೆಂಕಿ ಆರಿದ ಮ್ಯಾಲೆ ತಗದು ಮುಚ್ಚಿಟ್ಟಾಕಿನೂ ನಾನ."

ಮಗ ಕ್ಯಾಪನ್ನು ಎತ್ತಿಕೊಂಡ. ಎಲಾಸ್ಟಿಕ್ ಎಳೆದು ಬಿಟ್ಟ. ಸೀಲಿಂಗ್ ನೋಡಿದ. ಅವನ ಮುಖದಿಂದ ಬಣ್ಣ ಇಳಿಯುವುದು ಕಾಣಿಸಿತು. ಈಗ ಬಯ್ಯುತ್ತಾನೆ ಎಂದು ಕಾದೆ. ಅವನು ಫೋನ್ ತೆಗೆದು ಹೆಂಡತಿಗೆ ಹಚ್ಚಿದ.

"ಎಲ್ಲಿದ್ದೀಯ, ಮನೇಲಾ? ನೋಡು, ಹಾಲ್‌ನಲ್ಲಿರೋ ಅಲಾರಂಗೆ ನಾನು ಪ್ಲಾಸ್ಟಿಕ್ ಸುತ್ತಿದ್ದೀನಲ್ಲ, ಅದನ್ನ ತೆಗಿ... ಆಮೇಲಲ್ಲ, ಈಗ... ಹೌದು, ಹೋದ ವರ್ಷ ಹಬ್ಬದಲ್ಲಿ ಸುತ್ತಿದ್ದು... ಕುರ್ಚಿ ಹಾಕ್ಕೊಂಡು ತೆಗಿ, ನಾನು ಲೈನಲ್ಲೇ ಇರ್ತೀನಿ."

ನಾವು ಮೂವರೂ ಫೋನಿನ ಕಡೆ ಬಾಗಿದೆವು. ಮೆಲ್ಬರ್ನ್‌ನಲ್ಲಿ ಒಂದು ಕುರ್ಚಿ ಎಳೆದ ಸದ್ದು ಫೋನಿನಿಂದ ಕೇಳಿಸಿತು. ಆಮೇಲೆ ಪ್ಲಾಸ್ಟಿಕ್ ಹರಿದ ಸದ್ದು.

ಮೊದಲು ನಕ್ಕವರು ಆಂಟಿ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಿಂದ ಒರೆಸಿಕೊಂಡು, "ನನ್ನ ಕಿವಿ ಟೆಸ್ಟ್ ಮಾಡಿಸ್ತಾನಂತೆ! ಮೊದಲು ನೀವಿಬ್ಬರೂ ತಲೆ ಟೆಸ್ಟ್ ಮಾಡಿಸ್ಕೊಳ್ರೋ" ಅಂದರು.

"ನೀನೇನು ಕಮ್ಮಿ?" ಅಂದ ಮಗ. "ಡಾಕ್ಟರಾಗಿ ಎಣ್ಣೆ ಬೆಂಕಿಗೆ ನೀರು ಹಾಕೋಕೆ ಹೋದವಳು."

"ನನಗೆ ಗೊತ್ತಿಲ್ಲದೆ ಏನು? ತಲೆಗೆ ಗೊತ್ತಿತ್ತು ಕಣೋ. ಕೈಗೆ ಗೊತ್ತಿರ್ಲಿಲ್ಲ, ಅಷ್ಟೇ."

ನಗು ನಿಂತ ಮೇಲೆ ನಾನು ಕೇಳಿದೆ: "ಕಿವಿ ಕೇಳ್ಸಂಗಿಲ್ಲ ಅಂತ ಯಾಕ್ ಒಪ್ಕೊಂಡ್ರಿ ಆಂಟಿ? ಮನೀನ ಹೋಗ್ತಿತ್ತಲ್ರಿ."

"ಮಗು ಜನವರಿಗೆ ಸ್ಕೂಲಿಗೆ ಸೇರ್ಬೇಕಲ್ವೇನೇ" ಅಂದರು, ಬಹಳ ಸುಲಭದ ಲೆಕ್ಕ ಹೇಳಿದ ಹಾಗೆ. "ನಿಮ್ಮನ್ನ ಓಡಿಸಿಬಿಡ್ತಾನೆ ಅಂತ ಹೆದ್ರಿಕೆ ಆಯ್ತು. ಮನೆ ಮಾರೋದಕ್ಕೆ ನಾನು ಹೇಗಿದ್ರೂ ಒಂದ್ ವರ್ಷ ಸತಾಯಿಸ್ತಿದ್ದೆ ಬಿಡು."

ಮಗನಿಗೆ ಕೋಪ ಬರಲಿಲ್ಲವೆಂದಲ್ಲ. ಹೋಗುವ ಮೊದಲು ಹಿತ್ತಲಲ್ಲಿ ನನ್ನೊಬ್ಬಳನ್ನೇ ನಿಲ್ಲಿಸಿ, "ನೀವು ಮುಚ್ಚಿಟ್ಟಿದ್ದು ಸರಿಯಲ್ಲ" ಅಂದ. ಹೌದು ಅಂದೆ. "ಇಷ್ಟು ನಾನು ನಿಮಗೆ ಹೇಳ್ಲೇಬೇಕಿತ್ತು" ಎಂದು, ನಮ್ಮ ಫ್ಲ್ಯಾಟಿನ ಒಳಗೆ ಬಂದು, ನಮ್ಮ ಕ್ಯಾಪನ್ನೂ ತಾನೇ ಕಿತ್ತು ಕಸದ ಬುಟ್ಟಿಗೆ ಹಾಕಿದ. ನಾರ್ವೆಸ್ಟ್‌ನಲ್ಲಿ ಹಳದಿ ಹೆಲ್ಮೆಟ್ ಹಿಂತಿರುಗಿಸಲು ನಾನೂ ಹೋಗಿದ್ದೆ. ಮ್ಯಾನೇಜರ್ ಕಥೆಯೆಲ್ಲ ಕೇಳಿ, ಇನ್ನು ನಿನಗಿಂತ ಒಳ್ಳೆಯ ವಾರ್ಡನ್ ಸಿಗುವುದಿಲ್ಲವೆಂದು ಅದನ್ನು ನನ್ನ ತಲೆಯ ಮೇಲೆಯೇ ಇಟ್ಟು ಕಳಿಸಿದಳು.

ಲೀಸ್ ಮೂರು ವರ್ಷಕ್ಕೇ ಆಯಿತು. ಕೊನೆಯ ಪುಟದ ಕೆಳಗೆ ಆಂಟಿ ತಮ್ಮ ಡಾಕ್ಟರ್ ಅಕ್ಷರದಲ್ಲಿ ಒಂದು ಷರತ್ತು ಸೇರಿಸಿದ್ದಾರೆ. ಓದಲು ನಮಗೆ ಅರ್ಧ ಗಂಟೆ ಬೇಕಾಯಿತು: ಕರಿಯುವುದು, ಮೆಣಸಿನಕಾಯಿ ಹುರಿಯುವುದು, ಎರಡೂ ಮನೆಯವರು ಹಿತ್ತಲಲ್ಲೇ ಮಾಡತಕ್ಕದ್ದು. ಅದಕ್ಕಾಗಿ ತಂತಿಯ ಪಕ್ಕದಲ್ಲಿ ತಗಡಿನ ಸೂರು ಹಾಕಿ, ಒಂದು ಗ್ಯಾಸ್ ಬರ್ನರ್ ಇಟ್ಟಿದ್ದೇವೆ. ಶನಿವಾರ ಅಲ್ಲಿ ಒಬ್ಬರು ಹುರಿದರೆ ಇನ್ನೊಬ್ಬರು ಕೆಮ್ಮುತ್ತಾರೆ. ಮೈಸೂರಿನ ಅಂಬೊಡೆ, ಗದಗಿನ ಮಿರ್ಚಿ ಒಂದೇ ಎಣ್ಣೆಯಲ್ಲಿ ಬೇಯುತ್ತವೆ. ವಾಕಿಂಗ್ ಗುಂಪಿನವರು ಈಗ ನಮ್ಮ ಬೇಲಿಯ ಬಳಿ ಬಂದಾಗ ನಡಿಗೆ ನಿಧಾನ ಮಾಡುತ್ತಾರೆ.

ಆಂಟಿಯ ಅಡುಗೆಮನೆಗೆ ಹೊಸ ಕಪಾಟು, ಹೊಸ ಬಣ್ಣ ಆದ ದಿನ ಅವರು ನಮ್ಮನ್ನು ಕರೆದರು. "ಅಡುಗೆಮನೆ ಹೊಸದಾಯ್ತು, ಹಾಲು ಉಕ್ಕಿಸ್ಬೇಕು. ಮೂರ್ ವರ್ಷದ ಲೀಸಿನವಳು ನೀನು, ನೀನೇ ಉಕ್ಕಿಸು." ಅದೇ ಸ್ಟೀಲ್ ಪಾತ್ರೆ. ಒಲೆ ಹಚ್ಚುವ ಮೊದಲು ಪರಾತವನ್ನು ಕೈಗೆಟುಕುವ ಹಾಗೆ ಪಕ್ಕಕ್ಕಿಟ್ಟುಕೊಂಡೆ. ಆಂಟಿ ನೋಡಿದರು. ಬಂದು ಪಕ್ಕದಲ್ಲಿ ನಿಂತರು, ಭುಜಕ್ಕೆ ಭುಜ ತಾಗುವಂತೆ.

ಹಾಲು ಏರಿತು, ಉಕ್ಕಿತು, ಬಿಸಿ ಒಲೆಯ ಮೇಲೆ ಹರಿದು ಸೀದು, ಒಂದು ಸುರುಳಿ ಹೊಗೆ ಎದ್ದು ಬಾಗಿಲ ಕಡೆ ಹೋಯಿತು. ನಾವೆಲ್ಲ ಸೀಲಿಂಗ್ ನೋಡಿದೆವು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅಲಾರಂ ಕೂಗಿತು, ಮನೆಯ ಗಾಜೆಲ್ಲ ಗಡಗಡಿಸುವಂತೆ.

"ಇಟ್ಸ್ ಟೂ ಲೌಡ್, ಅಜ್ಜೀ!" ಎಂದು ಮಗಳು ಕಿವಿ ಮುಚ್ಚಿಕೊಂಡು ಕುಣಿದಳು.

"ಕೂಗ್ಲಿ ಬಿಡು ಪುಟ್ಟಾ" ಅಂದರು ಆಂಟಿ. "ಚೆನ್ನಾಗಿ ಕೇಳಿಸ್ತಿದೆ."

ಯಾರೂ ಟವೆಲ್ ಬೀಸಲಿಲ್ಲ.